ಉಲ್ಲನ್ ದಾರ ತಗೊಳ್ಳೋವಾಗ ಬಣ್ಣಕ್ಕೆ ಮರುಳಾಗ್ಬೇಡಿ

ಚಿಕ್ಕಪೇಟೆ ಕಡೆ ಹೋದಾಗ ದಾರದ ಅಂಗಡಿ ಕಂಡ್ರೆ ನಂಗೆ ಇವತ್ತಿಗೂ ಕಾಲು ಮುಂದಕ್ಕೆ ಹೋಗಲ್ಲ, ಆ ಗಿಳಿಹಸಿರು ಆ ಕನಕಾಂಬರದ ಬಣ್ಣ ಎಲ್ಲಾ ಕೈ ಮಾಡಿ ಕರೀತಾ ಇರ್ತವೆ. ಆದ್ರೆ ಇಷ್ಟು ವರ್ಷ ಹೆಣಿಗೆ ಕಡ್ಡಿ ಹಿಡಿದ್ಮೇಲೆ ಒಂದು ಬುದ್ಧಿ ಬಂದಿದೆ, ಇದನ್ನ ಹಾಕ್ಕೊಳ್ಳೋರು ಯಾರು, ಒಗೆಯೋರು ಯಾರು, ಮೊದ್ಲು ಅದು, ಬಣ್ಣ ಆಮೇಲೆ.

ಒಗೆಯೋ ಮಾತು ಯಾಕೆ ಅಂದ್ರೆ, ಒಂದ್ಸಲ ಅಪ್ಪಟ ಉಣ್ಣೆ ದಾರ ತಂದು ಮೊಮ್ಮಗನಿಗೆ ಸ್ವೆಟರ್ ಹೆಣೆದು ಕೊಟ್ಟೆ, ಮೂರು ವಾರದ ಕೆಲಸ, ಸೊಸೆ ಪಾಪ ಗೊತ್ತಿಲ್ದೆ ಯೂನಿಫಾರ್ಮ್ ಜೊತೆ ಬಿಸಿನೀರಲ್ಲಿ ಮಷೀನಿಗೆ ಹಾಕಿಬಿಟ್ಲು, ಹೊರಗೆ ತೆಗೆದ್ರೆ ಗೊಂಬೆಗೆ ಆಗೋ ಸೈಜು, ಮುಟ್ಟಿದ್ರೆ ಕಂಬಳಿ ತುಂಡು. ಉಣ್ಣೆ ಎಳೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆ ಇರುತ್ತೆ, ಮೀನಿಗೆ ಇರೋ ಹಾಗೆ, ಬಿಸಿನೀರು ಸೋಪು ತಿಕ್ಕಾಟ ಮೂರೂ ಸೇರಿದ್ರೆ ಒಂದಕ್ಕೊಂದು ಕಚ್ಕೊಂಡು ಮತ್ತೆ ಬಿಡೋದೇ ಇಲ್ಲ. ಅದಕ್ಕೇ ಮಗು ಸಾಮಾನಿಗೆ ಮೆತ್ತಗಿರೋ ಬೇಬಿ ಅಕ್ರಿಲಿಕ್ಕೋ (ಕಾರ್ಖಾನೇಲಿ ಮಾಡೋ ಪ್ಲಾಸ್ಟಿಕ್ ಥರದ ದಾರ) ಕಾಟನ್ನೋ ಸಾಕು, ಉಣ್ಣೆನೇ ಬೇಕು ಅನ್ನೋರು ಲೇಬಲ್ ಮೇಲೆ ಸೂಪರ್‌ವಾಶ್ ಅಂತ ಇದ್ಯಾ ನೋಡ್ಕೊಳ್ಳಿ, ಅಂದ್ರೆ ಮಷೀನಲ್ಲಿ ಒಗೆದ್ರೂ ಹೀಗೆ ಕುಗ್ಗದ ಹಾಗೆ ಹದ ಮಾಡಿರೋ ಉಣ್ಣೆ. ಮೊಹೇರ್ (ಒಂದು ಜಾತಿ ಮೇಕೆ ಕೂದಲಿನ ದಾರ) ಥರ ಪುಸುಪುಸು ರೋಮ ಇರೋದು ಕುಲಾವಿಗೆ ಬೇಡ್ವೇ ಬೇಡ, ಕೂಸು ಎಲ್ಲಾನೂ ಬಾಯಿಗೇ ಹಾಕ್ಕೊಳ್ಳೋದು.

ದಾರ ಮೆತ್ತಗಿದ್ಯಾ ಅಂತ ಬೆರಳಲ್ಲಿ ನೋಡ್ಬೇಡಿ, ಪಾತ್ರೆ ತಿಕ್ಕಿ ತಿಕ್ಕಿ ನಮ್ಮ ಬೆರಳಿಗೆ ಏನು ಗೊತ್ತಾಗುತ್ತೆ, ಕಿವಿ ಕೆಳಗೆ ಕತ್ತಿಗೆ ಒಂದು ನಿಮಿಷ ಒತ್ತಿಟ್ಕೊಳ್ಳಿ. ಎಳೆ 30 ಮೈಕ್ರಾನ್ (ಒಂದು ಮಿಲಿಮೀಟರಲ್ಲಿ ಸಾವಿರ ಮೈಕ್ರಾನ್) ಆಸುಪಾಸು ದಪ್ಪ ಇದ್ರೆ ಚುಚ್ಚುತ್ತೆ, ಮೆರಿನೊ ಜಾತಿ ಕುರಿ ಉಣ್ಣೆ 20ರ ಹತ್ತಿರ ಇರೋದ್ರಿಂದ ಚುಚ್ಚಲ್ಲ. ನಮ್ಮ ಚಳ್ಳಕೆರೆ ಕಂಬಳಿ ಮಳೆ ಚಳಿ ಎಲ್ಲಾ ತಡೆಯುತ್ತೆ, ಆದ್ರೆ ಬರೀ ಮೈಗೆ ಹೊದ್ದು ನೋಡಿ ಗೊತ್ತಾಗುತ್ತೆ, ದಖ್ಖನಿ ಕುರಿ ಉಣ್ಣೆ ಒರಟು.

ಅಂಗಡಿಯವರು "ಪ್ಯೂರ್ ವುಲ್ ಅಮ್ಮಾ" ಅಂತ ಪ್ರಮಾಣ ಮಾಡ್ತಾರಲ್ಲ, ಮೊದ್ಲು ಒಂದೇ ಉಂಡೆ ತನ್ನಿ, ಗೇಣುದ್ದ ಕತ್ತರಿಸಿ ಸ್ಟೀಲ್ ತಟ್ಟೆ ಮೇಲೆ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದ್ರೆ ತಾನೇ ಆರುತ್ತೆ, ಬೂದಿ ಬೆರಳಲ್ಲಿ ಪುಡಿ ಆಗುತ್ತೆ. ಕಾಟನ್ ಕಾಗದ ಉರಿದ ಹಾಗೆ. ಅಕ್ರಿಲಿಕ್ ಕರಗಿ ಕೊನೇಲಿ ಕಪ್ಪು ಮಣಿ ಥರ ಗಟ್ಟಿ ಆಗುತ್ತೆ, ಆರೋ ತನಕ ಮುಟ್ಬೇಡಿ. ಇದನ್ನ ಒಂದ್ಸಲ ನೋಡಿದೋರು ಬಿಸಿ ಕುಕ್ಕರ್ ಹಿಡಿಯೋ ಬಟ್ಟೆಗೆ ಅಕ್ರಿಲಿಕ್ ಹಾಕಲ್ಲ, ಅದಕ್ಕೆ ಕಾಟನ್ನೇ. ಆದ್ರೆ ಕಾಟನ್ ಸ್ವೆಟರ್ ಭಾರ, ಒದ್ದೆ ಆದ್ರೆ ಜೋತುಬೀಳುತ್ತೆ, ಉಣ್ಣೆ ಥರ ಎಳೆದುಬಿಟ್ರೆ ವಾಪಸ್ ಬರೋ ಗುಣ ಅದಕ್ಕಿಲ್ಲ.

ಬಾಗಿಲ ತೋರಣಕ್ಕೆ ಮರ್ಸರೈಸ್ಡ್ ಕಾಟನ್ ತಗೊಳ್ಳಿ, ಕಾಸ್ಟಿಕ್ ಸೋಡಾದಲ್ಲಿ ಹದ ಮಾಡಿರ್ತಾರೆ, ಹೊಳಪು ಜಾಸ್ತಿ, ಜುಂಗು ಏಳಲ್ಲ. ಕ್ರೋಶಾ ದಾರದಲ್ಲಿ ನಂಬರ್ ದೊಡ್ಡದಾದಷ್ಟೂ ದಾರ ಸಣ್ಣ, 10 ದಪ್ಪ 40 ತೆಳು, ಹೊಸಬರು ಇಲ್ಲೇ ಎಡವೋದು. ನಮ್ಮ ಹಳೇ ಕಡ್ಡಿ ನಂಬರೂ ಹೀಗೇ ಉಲ್ಟಾ, 10 ಅಂದ್ರೆ 3.25 ಮಿಲಿಮೀಟರ್, 8 ಅಂದ್ರೆ 4. ಫೋರ್ ಪ್ಲೈ ಅನ್ನೋ ಸಣ್ಣ ದಾರಕ್ಕೆ ಮೊದಲ್ನೇದು, ಅದಕ್ಕಿಂತ ದಪ್ಪ ಇರೋ ಡಬಲ್ ನಿಟ್ಟಿಂಗ್‌ಗೆ ಎರಡನೇದು ಹೊಂದುತ್ತೆ. ಕಲಿಯೋರು ಕಪ್ಪು, ನೇವಿ ಬ್ಲೂ ತರಬೇಡಿ, ಟ್ಯೂಬ್‌ಲೈಟ್ ಕೆಳಗೆ ಹೊಲಿಗೆ ಕಾಣದೆ ಅಳು ಬರುತ್ತೆ.

ಇನ್ನೊಂದು, ಲೇಬಲ್ ಮೇಲೆ ಡೈ ಲಾಟ್ ನಂಬರ್, ಅಂದ್ರೆ ಯಾವ ಸಲ ಬಣ್ಣ ಹಾಕಿದ ದಾರ ಅನ್ನೋ ನಂಬರ್ ಇರುತ್ತೆ, ಎಲ್ಲಾ ಉಂಡೆದೂ ಒಂದೇ ಇದ್ಯಾ ನೋಡಿ, ಒಂದು ಉಂಡೆ ಜಾಸ್ತೀನೇ ತಗೊಳ್ಳಿ. ಕಡಿಮೆ ಬಿತ್ತು ಅಂತ ತಿಂಗಳು ಬಿಟ್ಟು ಹೋದ್ರೆ ಅದೇ ಕೆಂಪು ಸಿಗಲ್ಲ, ನಮ್ಮೆಜಮಾನ್ರ ಸ್ವೆಟರ್ ಒಂದು ತೋಳು ಇವತ್ತಿಗೂ ಬೇರೆ ಕೆಂಪೇ, ಅವರು ಮನೇಲಿ ಮಾತ್ರ ಹಾಕ್ಕೋತಾರೆ. ಲೇಬಲ್ ಬಿಸಾಡ್ಬೇಡಿ, ಅದಕ್ಕೆ ಒಂದು ಮೊಳ ದಾರ ಸುತ್ತಿ ಏನು ಹೆಣೆದ್ರಿ ಅಂತ ಬರೆದಿಡಿ, ನನ್ನ ಹತ್ರ ಒಂದು ಬಿಸ್ಕೆಟ್ ಡಬ್ಬ ತುಂಬಾ ಇದೆ.