ಹಳೆಯ ಹೆರಾಲ್ಡ್‌ಗೆ ಅಸಲಿ ಬಿಡಿಭಾಗ: ಎಲ್ಲಿ ಖರ್ಚು, ಎಲ್ಲಿ ಉಳಿತಾಯ

ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಕಲಬುರಗಿಯಲ್ಲಿ ಇನ್ನೂ ಓಡಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಇದರ ಮೂಲವಾದ ಟ್ರಯಂಫ್ ಹೆರಾಲ್ಡ್‌ನ ಚಾಸಿಯನ್ನೇ ಆಧರಿಸಿ 1962ರಲ್ಲಿ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ಬಂದಿತು. ಆದ್ದರಿಂದ ಮುಂಭಾಗದ ಸಸ್ಪೆನ್ಷನ್‌ಗೆ ಬೇಕಾದುದನ್ನು ಬ್ರಿಟನ್ನಿನ ವ್ಯಾಪಾರಿಗಳಲ್ಲಿ ಸ್ಪಿಟ್‌ಫೈರ್‌ ಹೆಸರಿನಲ್ಲಿಯೂ ವಿಚಾರಿಸಿ, ಹಳೆಯ ಭಾಗದ ಅಳತೆ ಮತ್ತು ನಂಬರನ್ನು ತಾಳೆ ನೋಡಿದ ಮೇಲೆಯೇ ಹಣ ಕಳುಹಿಸಿ. ಸಾಗಣೆ ವೆಚ್ಚ ಮತ್ತು ಕಸ್ಟಮ್ಸ್ ಸುಂಕ ಸೇರಿದಾಗ ಬೆಲೆ ಬಹಳ ಏರುವುದರಿಂದ, ಇಬ್ಬರು ಮೂವರು ಕೂಡಿ ಒಂದೇ ಪಾರ್ಸೆಲ್ ತರಿಸುವುದು ಲೇಸು.

ಬ್ರೇಕ್ ಮತ್ತು ಸ್ಟಿಯರಿಂಗ್ ವಿಷಯದಲ್ಲಿ ಜಿಪುಣತನ ಸಲ್ಲದು. ಬುಷ್, ಬ್ರಾಕೆಟ್‌ಗಳನ್ನು ಊರಿನ ಲೇತ್ ಕೆಲಸಗಾರರು ಚೆನ್ನಾಗಿಯೇ ಮಾಡಿಕೊಡುತ್ತಾರೆ; ಮಾದರಿಗಾಗಿ ಹಳೆಯದನ್ನು ಎಂದಿಗೂ ಎಸೆಯಬೇಡಿ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಆರೈಕೆಯಲ್ಲಿದೆ. ಮುಂದಿನ ಚಕ್ರವನ್ನು ಹಿಡಿದಿರುವ ಕಂಬದ ಬುಡದಲ್ಲಿರುವ ಟ್ರನಿಯನ್‌ಗೆ (ಚಕ್ರ ಎಡಬಲಕ್ಕೆ ಹೊರಳುವ ತಿರುಪು ಕೀಲಿಗೆ) ಗ್ರೀಸ್ ಅಲ್ಲ, 90 ನಂಬರ್ ಗೇರ್ ಆಯಿಲ್ ಬೇಕು. ನನ್ನ ಕಾರಿಗೆ ಒಬ್ಬ ಮೆಕ್ಯಾನಿಕ್ ವರ್ಷಗಳ ಕಾಲ ಗ್ರೀಸನ್ನೇ ತುಂಬಿದ್ದರು. ಬಿಚ್ಚಿದಾಗ ಅದು ಒಣಗಿ ಗಟ್ಟಿಯಾಗಿತ್ತು, ಒಳಗಿನ ತಿರುಪಿನ ಮರೆಗೆ ತುಕ್ಕು ಹಿಡಿದಿತ್ತು. ಹಾಗೆಯೇ ಓಡಿಸಿದ್ದರೆ ಕಂಬ ಮುರಿದು ಚಕ್ರವೇ ಮಡಚಿಕೊಳ್ಳುತ್ತಿತ್ತು. ಎಣ್ಣೆ ಹೊರಗೆ ಜಿನುಗುವವರೆಗೆ ಪಂಪ್ ಮಾಡಿ. ಇಲ್ಲಿನ ಬೇಸಿಗೆಯ ಬಿಸಿಲಿಗೆ ರಬ್ಬರ್ ಬೇಗ ಬಿರಿಯುವುದರಿಂದ ಕಾರನ್ನು ನೆರಳಿನಲ್ಲಿಯೇ ನಿಲ್ಲಿಸಿ.