ನಾಲಿಗೆಯ ಗಟ್ಟಿ ಗಂಟು: ಗ್ರ್ಯಾನ್ಯುಲರ್ ಸೆಲ್ ಟ್ಯೂಮರ್ ಶಂಕೆಯಿದ್ದಾಗ ಬಯಾಪ್ಸಿ ಮಾಡಿಸುವುದು ಹೇಗೆ

ನಾಲಿಗೆಯಲ್ಲಿ ಎರಡು ಸೆಂಟಿಮೀಟರಿಗಿಂತ ಚಿಕ್ಕದಾದ, ನೋವಿಲ್ಲದ ಗಟ್ಟಿ ಗಂಟು ನಿಧಾನವಾಗಿ ಬೆಳೆದಿದ್ದು, ಮೇಲ್ಪದರ ಹುಣ್ಣಾಗಿರದಿದ್ದರೆ ಗ್ರ್ಯಾನ್ಯುಲರ್ ಸೆಲ್ ಟ್ಯೂಮರ್ ಇರಬಹುದೇ ಎಂದು ವೈದ್ಯರನ್ನು ಕೇಳಿ. 1926ರಲ್ಲಿ ರಷ್ಯದ ರೋಗಶಾಸ್ತ್ರಜ್ಞ ಅಬ್ರಿಕೊಸಾಫ್ ಇದನ್ನು ಸ್ನಾಯುವಿನ ಗಡ್ಡೆ ಎಂದು ವಿವರಿಸಿದ್ದರು. ನಿಜಕ್ಕೂ ಇದು ಹುಟ್ಟುವುದು ನರದ ಹೊದಿಕೆಯ ಶ್ವಾನ್ ಕೋಶಗಳಿಂದ. ಚರ್ಮ, ಸ್ತನ, ಅನ್ನನಾಳದಲ್ಲೂ ಬರುತ್ತದೆ. ಬಹುಪಾಲು ಕ್ಯಾನ್ಸರ್ ಅಲ್ಲ.

ಎಡವಟ್ಟಾಗುವುದು ಬಯಾಪ್ಸಿಯಲ್ಲಿ. ಈ ಗಡ್ಡೆಯ ಮೇಲಿನ ಪದರ ದಪ್ಪಗಾಗಿ ಕೆಳಕ್ಕೆ ಬೇರು ಬಿಡುತ್ತದೆ. ಮೇಲಿಂದ ತೆಳುವಾಗಿ ಕೆರೆದು ತೆಗೆದರೆ ಸ್ಲೈಡಿನಲ್ಲಿ ಅದಷ್ಟೇ ಕಾಣುತ್ತದೆ, ಸ್ಕ್ವಾಮಸ್ ಸೆಲ್ ಕ್ಯಾನ್ಸರ್ (ಮೇಲ್ಪದರದ ಕೋಶಗಳ ಕ್ಯಾನ್ಸರ್) ಎಂದು ರಿಪೋರ್ಟ್ ಬರಬಹುದು. ಅಡಿಕೆ, ತಂಬಾಕು ಜಗಿಯುವವರು ಹೆಚ್ಚಿರುವ ನಮ್ಮ ಕಡೆ ಬಾಯಿ ಕ್ಯಾನ್ಸರಿನ ಅನುಮಾನ ಮೊದಲೇ ಬರುವುದು ಸಹಜ. ಹಾಗಾಗಿ ಮೇಲ್ಪದರದ ಕೆಳಗಿನ ಗಂಟೂ ಸೇರುವಂತೆ ಆಳದ ತುಂಡು ತೆಗೆಯಲು ಹೇಳಿ. ಚಿಕ್ಕದಾದರೆ ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗವನ್ನೂ ಅಂಚಾಗಿ ಸೇರಿಸಿ ಪೂರ್ತಿ ತೆಗೆಯುವುದೇ ಮೇಲು. ತೆಗೆದ ತುಂಡು ಕೆಡದಂತೆ ಇಡಲು ಅದರ ಹತ್ತು ಪಟ್ಟು ಪ್ರಮಾಣದ, 10% ಬಫರ್ಡ್ ಫಾರ್ಮಲಿನ್ ದ್ರಾವಣ ಬೇಕು. ಲ್ಯಾಬಿನ ಫಾರಂನಲ್ಲಿ «ಮೇಲ್ಪದರದ ಕೆಳಗಿನ ಗಂಟು, ಹುಣ್ಣಿಲ್ಲ» ಎಂದು ಬರೆಸಿ. ಈ ಒಂದು ಸಾಲು ಸ್ಲೈಡ್ ನೋಡುವ ಪೆಥಾಲಜಿಸ್ಟರಿಗೆ ತುಂಬ ನೆರವಾಗುತ್ತದೆ.

ಕೋಶ ಯಾವುದೆಂದು ತಿಳಿಯಲು ಅದರ ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ನೋಡುತ್ತಾರೆ. ಇದೇ ಗಡ್ಡೆಯಾದರೆ ರಿಪೋರ್ಟಿನಲ್ಲಿ ಎಸ್100 ಮತ್ತು ಸಾಕ್ಸ್10 (ನರದ ಹೊದಿಕೆಯ ಕೋಶದ ಗುರುತುಗಳು) ಪಾಸಿಟಿವ್, ಕೆರಾಟಿನ್ (ಮೇಲ್ಪದರದ ಕೋಶದ ಗುರುತು) ನೆಗೆಟಿವ್ ಇರಬೇಕು. ಸಿಡಿ68 ಕೂಡ ಪಾಸಿಟಿವ್ ಬರುತ್ತದೆ, ಕೋಶದ ತುಂಬ ಲೈಸೊಸೋಮ್‌ಗಳು (ಕಸ ಅರಗಿಸುವ ಚೀಲಗಳು) ಇರುವುದರಿಂದ. ಮಾರಕ (ಕ್ಯಾನ್ಸರ್) ರೂಪವನ್ನು ಗುರುತಿಸಲು 1998ರಿಂದ ಆರು ಲಕ್ಷಣಗಳ ಮಾನದಂಡವಿದೆ: ಕೋಶಗಳು ಸತ್ತಿರುವುದು, ಕದಿರಿನಾಕಾರ ತಾಳಿರುವುದು, ಕೋಶಕೇಂದ್ರದೊಳಗಿನ ಚುಕ್ಕೆ (ನ್ಯೂಕ್ಲಿಯೋಲಸ್) ದೊಡ್ಡದಾಗಿರುವುದು, ಕೋಶ ವಿಭಜನೆ ಹೆಚ್ಚಿರುವುದು ಮೊದಲಾದವು. ಮೂರು ಅಥವಾ ಹೆಚ್ಚಿದ್ದರೆ ಮಾರಕ.

ಗಂಟಿನ ಮೇಲೆ ಹುಣ್ಣಿಲ್ಲ, ತುಂಡು ತೆಳುವಾಗಿತ್ತು, ಆದರೂ ರಿಪೋರ್ಟ್ ಕ್ಯಾನ್ಸರ್ ಎಂದಿದೆ ಅನ್ನಿ. ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಸ್ಲೈಡ್, ಪ್ಯಾರಾಫಿನ್ ಬ್ಲಾಕ್ (ತುಂಡನ್ನು ಹುದುಗಿಸಿಟ್ಟ ಮೇಣದ ಅಚ್ಚು) ಎರಡನ್ನೂ ಪಡೆದು ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸಿ. ಹುಣ್ಣಿದ್ದರೆ, ಕತ್ತಿನಲ್ಲಿ ಗಂಟು ಸಿಕ್ಕರೆ, ಬೇಗ ಬೆಳೆಯುತ್ತಿದ್ದರೆ ಒಂದು ದಿನವೂ ಸುಮ್ಮನೆ ಕಾಯಬೇಡಿ.

ಅನ್ನನಾಳದಲ್ಲಿ ಇದು ಎಂಡೋಸ್ಕೊಪಿಗೆ ಹಳದಿ ಛಾಯೆಯ ದವಡೆಹಲ್ಲಿನಂತೆ ಕಾಣುತ್ತದೆ. ಅಲ್ಲಿಯೂ ತೊಂದರೆ ಅದೇ. ಒಂದೇ ಜಾಗದಲ್ಲಿ ಇಕ್ಕಳದಿಂದ ಮತ್ತೆ ಮತ್ತೆ ಕಚ್ಚಿ ತೆಗೆದರೆ ಮಾತ್ರ ಗಡ್ಡೆ ಸಿಗುತ್ತದೆ. ಒಂದು ಸೆಂಟಿಮೀಟರಿಗಿಂತ ಚಿಕ್ಕದು, ತೊಂದರೆಯಿಲ್ಲ ಎಂದಾದರೆ ನಿಗಾ ಸಾಕು. ದೊಡ್ಡದಾದರೆ, ನುಂಗಲು ಕಷ್ಟವಾದರೆ ತೆಗೆಸಬೇಕು. ಮೊದಲು ಎಂಡೋಸ್ಕೊಪಿಕ್ ಅಲ್ಟ್ರಾಸೌಂಡಿನಲ್ಲಿ ಯಾವ ಪದರದವರೆಗೆ ಇಳಿದಿದೆ ನೋಡಿಸಿ.

ಕೆಲವರಲ್ಲಿ ಒಂದಕ್ಕಿಂತ ಹೆಚ್ಚು ಗಂಟುಗಳಿರುತ್ತವೆ, ಚರ್ಮವನ್ನೂ ಪರೀಕ್ಷಿಸಿಕೊಳ್ಳಿ. ಅಂಚಿನಲ್ಲಿ ಗಡ್ಡೆ ಉಳಿದಿದ್ದರೆ ಮರುಕಳಿಸಬಹುದು. ಆಗ ಹಳೆಯ ಸ್ಲೈಡನ್ನೂ ಜೊತೆಗೆ ಒಯ್ಯಿರಿ.