ಹಳೆ ಕಾರಿಗೆ ಬೇರೆ ಕಾರ್ಬುರೇಟರ್: ದೊಡ್ಡದು ಬೇಡ, ಅಳತೆಗೆ ಸರಿಹೋಗುವುದು ಸಾಕು

ಹಳೆ ಕಾರು ಇಟ್ಟುಕೊಂಡವರಲ್ಲಿ ಒಂದು ಚಾಳಿ ಇದೆ. ಗಾಡಿ ಪಿಕಪ್ ಕಳೆದುಕೊಂಡ ಕೂಡಲೇ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್ ಮೇಲೆ ಗೂಬೆ ಕೂರಿಸುತ್ತಾರೆ. ಬದಲಿಸಲು ಹೊರಟವರು ಸಿಕ್ಕಿದ್ದರಲ್ಲಿ ದೊಡ್ಡದನ್ನೇ ಆರಿಸುತ್ತಾರೆ. ಆಮೇಲೆ ನೋಡಿ, ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಒಂದು ಕ್ಷಣ ತಡವರಿಸುತ್ತದೆ, ಒಮ್ಮೆ ಕೆಮ್ಮುತ್ತದೆ, ಆಮೇಲೆ ಮುಂದಕ್ಕೆ ಹೋಗುತ್ತದೆ. ಪೆಟ್ರೋಲ್ ಮಾತ್ರ ಮೊದಲಿಗಿಂತ ಜಾಸ್ತಿ ಕುಡಿಯುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿಯೇ ಈ ಲೇಖನ.

ಹೆಜ್ಜೆ 1: ತಪ್ಪು ಕಾರ್ಬುರೇಟರ್‌ದೇನಾ?

ಪಾಯಿಂಟ್ ಗ್ಯಾಪ್, ಕಂಡೆನ್ಸರ್, ಟೈಮಿಂಗ್, ಪ್ಲಗ್, ಪೆಟ್ರೋಲ್ ಫಿಲ್ಟರ್, ಮ್ಯಾನಿಫೋಲ್ಡ್ ಪ್ಯಾಕಿಂಗ್. ಇಷ್ಟನ್ನೂ ನೋಡಿದ ಮೇಲೆ ಕಾರ್ಬುರೇಟರ್‌ಗೆ ಕೈ ಹಾಕಿ. ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಕಟ್ಟಿಕೊಂಡಿದ್ದರೆ, ಫ್ಲೋಟ್ (ಒಳಗಿನ ಪೆಟ್ರೋಲ್ ಮಟ್ಟ ಕಾಯುವ ತೇಲು) ತೂತಾಗಿದ್ದರೆ ರಿಪೇರಿ ಕಿಟ್ಟೇ ಸಾಕು.

ಕಿಟ್‌ನಿಂದ ಸರಿಯಾಗದ ಜಾಗ ಬಟರ್‌ಫ್ಲೈ (ಆಕ್ಸಿಲರೇಟರ್ ಒತ್ತಿದಾಗ ಗಾಳಿಯ ದಾರಿ ತೆರೆಯುವ ತಗಡು) ಕೂತಿರುವ ಸ್ಪಿಂಡಲ್. ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಟಕ್ ಟಕ್ ಅಂತ ಆಡಿದರೆ ಬಾಡಿಯ ತೂತೇ ಸವೆದಿದೆ ಅಂತ ಅರ್ಥ. ಅಲ್ಲಿಂದ ಕದ್ದು ಗಾಳಿ ಒಳಗೆ ಹೋಗುತ್ತದೆ, ಐಡ್ಲಿಂಗ್ ಯಾವತ್ತೂ ಒಂದೇ ಸಮ ಇರುವುದಿಲ್ಲ. ತೂತು ಕೊರೆದು ಬುಷ್ ಹಾಕುವವರು ಸಿಕ್ಕರೆ ಹಾಕಿಸಿ. ನನ್ನನ್ನು ಕೇಳಿದರೆ, ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದ್ದರೆ ಅದರ ಜೊತೆಗೇ ಬಂದ ಕಾರ್ಬುರೇಟರ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಅದೂ ಆಗದು ಅಂದರೆ ಮಾತ್ರ ಮುಂದೆ ಓದಿ.

ಹೆಜ್ಜೆ 2: ಅಳತೆ. ಎಲ್ಲರೂ ಎಡವುವುದು ಇಲ್ಲೇ

ಕಾರ್ಬುರೇಟರ್ ಒಳಗೆ ಗಾಳಿಯ ದಾರಿ ನಡುವೆ ಒಂದು ಕಡೆ ಕಿರಿದಾಗುತ್ತದೆ. ಅದೇ ವೆಂಚುರಿ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ನೀರು ಜೋರಾಗಿ ಚಿಮ್ಮುತ್ತದೆ ಅಲ್ವಾ, ಹಾಗೆ ಗಾಳಿಯ ವೇಗ ಅಲ್ಲಿ ಏರುತ್ತದೆ. ವೇಗ ಏರಿದಂತೆ ಒತ್ತಡ ಇಳಿಯುತ್ತದೆ, ಆ ಇಳಿತವೇ ಜೆಟ್‌ನಿಂದ ಪೆಟ್ರೋಲನ್ನು ಎಳೆದು ಹನಿ ಹನಿಯಾಗಿ ಒಡೆಯುತ್ತದೆ. ವೆಂಚುರಿ ಎಂಜಿನ್‌ಗೆ ಮೀರಿ ದೊಡ್ಡದಾದರೆ ಗಾಳಿ ನಿಧಾನವಾಗುತ್ತದೆ, ಎಳೆತ ಸಾಲುವುದಿಲ್ಲ. ದೊಡ್ಡ ಕಾರ್ಬುರೇಟರ್ ಹಾಕಿದ ಕಾರು ಕಡಿಮೆ ಸ್ಪೀಡಲ್ಲಿ ತಡವರಿಸುವುದು ಇದಕ್ಕೇ.

ಎಷ್ಟು ಬೇಕು ಅನ್ನುವುದಕ್ಕೆ ಲೆಕ್ಕವಿದೆ. ಎಂಜಿನ್ ಗಾತ್ರವನ್ನು ಘನ ಅಂಗುಲದಲ್ಲಿ ತೆಗೆದುಕೊಳ್ಳಿ (ಒಂದು ಲೀಟರ್ ಅಂದರೆ 61 ಘನ ಅಂಗುಲ). ಅದನ್ನು ಗರಿಷ್ಠ ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಗುಣಿಸಿ, 3456ರಿಂದ ಭಾಗಿಸಿ. ಬರುವ ಸಂಖ್ಯೆ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬುದು. ಈ 3456 ಎಲ್ಲಿಂದ ಬಂತು? ಒಂದು ಘನ ಅಡಿಯಲ್ಲಿ 1728 ಘನ ಅಂಗುಲ. ನಾಲ್ಕು ಸ್ಟ್ರೋಕ್‌ನ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಪೂರ್ತಿ ಗಾಳಿ ಎಳೆಯುತ್ತದೆ. 1728ರ ಎರಡರಷ್ಟು 3456.

ಇನ್ನೊಂದು ಕಡಿತ ಉಂಟು. ಯಾವ ಮಾಮೂಲಿ ಎಂಜಿನ್ನೂ ಸಿಲಿಂಡರ್ ತುಂಬಾ ಗಾಳಿ ಎಳೆಯುವುದಿಲ್ಲ. ರಸ್ತೆಯಲ್ಲಿ ಓಡುವ ಹಳೆ ಎಂಜಿನ್‌ಗೆ ಶೇ 80ರಿಂದ 85 ಹಿಡಿಯಿರಿ. 350 ಘನ ಅಂಗುಲದ ವಿ8 (ಎಂಟು ಸಿಲಿಂಡರ್‌ನ ಎಂಜಿನ್) ತೆಗೆದುಕೊಳ್ಳೋಣ, 5500 ಆರ್‌ಪಿಎಂ. ಲೆಕ್ಕ ಹಾಕಿದರೆ 557. ಅದರಲ್ಲಿ ಶೇ 85 ಅಂದರೆ 473. ಇಂಥ ಎಂಜಿನ್‌ಗೆ 600 ಸಿಎಫ್‌ಎಂ ಧಾರಾಳ. ಜನ ಹಾಕುವುದು 750!

ಆರ್‌ಪಿಎಂ ಹಾಕುವಾಗ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಬೇಡಿ. ಮೀಟರಿನ ಕೆಂಪು ಗೆರೆ ಎಲ್ಲಿದೆ ಅನ್ನುವುದಲ್ಲ, ನೀವು ನಿಜವಾಗಿ ಎಲ್ಲಿಯವರೆಗೆ ಎಳೆಯುತ್ತೀರಿ ಅನ್ನುವುದು ಮುಖ್ಯ. ಭಾನುವಾರ ನಿಧಾನಕ್ಕೆ ಸುತ್ತಾಡುವ ಕಾರಿಗೆ ರೇಸಿನ ಲೆಕ್ಕ ಯಾಕೆ? ಎರಡು ಅಳತೆಗಳ ನಡುವೆ ಗೊಂದಲವಾದರೆ ಚಿಕ್ಕದನ್ನೇ ತೆಗೆದುಕೊಳ್ಳಿ. ಇದರಲ್ಲಿ ಚರ್ಚೆಯಿಲ್ಲ.

ಕ್ಯಾಟಲಾಗ್ ಓದುವಾಗ ಒಂದು ಮೋಸವಿದೆ. ನಾಲ್ಕು ಬ್ಯಾರಲ್ (ಗಾಳಿ ಹೋಗುವ ಕೊಳವೆ) ಇರುವ ಕಾರ್ಬುರೇಟರನ್ನು ಅಳೆಯುವುದು 1.5 ಅಂಗುಲ ಪಾದರಸದ ಒತ್ತಡದ ಇಳಿತದಲ್ಲಿ. ಎರಡು ಬ್ಯಾರಲ್‌ನದನ್ನು 3 ಅಂಗುಲದಲ್ಲಿ. ಹಾಗಾಗಿ 500 ಅಂತ ಬರೆದ ಎರಡು ಬ್ಯಾರಲ್‌ನದು ನಾಲ್ಕರ ಲೆಕ್ಕದಲ್ಲಿ ಸುಮಾರು 354 ಅಷ್ಟೆ. 1.414ರಿಂದ ಭಾಗಿಸಿ ಹೋಲಿಸಿ.

ವೆಬರ್ ಕಂಪನಿಯ ಡಿಸಿಒಇ ಥರದ್ದನ್ನು ಸಿಲಿಂಡರಿಗೊಂದು ಬ್ಯಾರಲ್‌ನಂತೆ ಹಾಕುವ ಕಡೆ ಈ ಸೂತ್ರ ನಡೆಯುವುದಿಲ್ಲ. ಅದರ ಹೆಸರಿನಲ್ಲಿರುವ 40 ಅಥವಾ 45 ಬಟರ್‌ಫ್ಲೈ ಇರುವ ಜಾಗದ ಮಿಲಿಮೀಟರ್ ಅಳತೆ. ಒಳಗಿನ ವೆಂಚುರಿಯನ್ನು ಬೇರೆಯೇ ಬದಲಿಸಬಹುದು, ಎಂಜಿನ್‌ಗೆ ಹೊಂದಿಸಬೇಕಾದದ್ದು ಅದನ್ನು. 45 ತಗೊಂಡೆ ಅಂತ ಹಿಗ್ಗುವವರಿಗೆ ಒಳಗೆ ಎಷ್ಟರ ವೆಂಚುರಿ ಇದೆ ಅಂತ ಕೇಳಿ ನೋಡಿ, ಸುಮ್ನೆ ಮುಖ ನೋಡುತ್ತಾರೆ. ಎಸ್‌ಯು ಕಾರ್ಬುರೇಟರ್ ಸ್ವಲ್ಪ ಕ್ಷಮಿಸುವ ಜಾತಿ. ಗಾಳಿ ಬೇಕಾದಷ್ಟು ಮಾತ್ರ ಅದರೊಳಗಿನ ಪಿಸ್ಟನ್ ಮೇಲೇಳುತ್ತದೆ. ಆದರೆ ಅದಕ್ಕೆ ಎಂಜಿನ್‌ಗೆ ತಕ್ಕ, ಪೆಟ್ರೋಲ್ ಅಳೆದು ಬಿಡುವ ಸೂಜಿ ಹುಡುಕಲೇಬೇಕು.

ಹೆಜ್ಜೆ 3: ಎರಡನೇ ಬ್ಯಾರಲ್ ಹೇಗೆ ತೆರೆಯಬೇಕು?

ಭಾರದ ಕಾರು, ಆಟೋಮ್ಯಾಟಿಕ್ ಗೇರ್ ಇದ್ದರೆ ವ್ಯಾಕ್ಯೂಮ್‌ನಿಂದ (ಎಂಜಿನ್ ಗಾಳಿ ಎಳೆಯುವ ಸೆಳೆತದಿಂದ) ತೆರೆಯುವುದು. ಹಗುರ ಕಾರು, ಕ್ಲಚ್ ಗೇರ್, ಜೋರಾಗಿ ಓಡಿಸುವವರಾದರೆ ಆಕ್ಸಿಲರೇಟರ್‌ಗೆ ಜೋಡಿಸಿದ ಲಿಂಕ್‌ನಿಂದ ನೇರ ತೆರೆಯುವುದು. ನಾಲ್ಕು ಸಿಲಿಂಡರ್‌ನ ಮಾಮೂಲಿ ಕಾರಿಗೆ ವೆಬರ್ 32/36 ಡಿಜಿವಿ ಥರದ್ದು ನನಗೆ ಇಷ್ಟ: ಮೊದಲು 32 ಮಿಲಿಮೀಟರ್ ಬ್ಯಾರಲ್ ತೆರೆದು, ಕಾಲು ಇನ್ನೂ ಒತ್ತಿದರೆ 36ರದ್ದು ಸೇರಿಕೊಳ್ಳುತ್ತದೆ. ಪಿಕಪ್ಪೂ ಸಿಗುತ್ತದೆ, ಮೈಲೇಜೂ ಉಳಿಯುತ್ತದೆ.

ಹೆಜ್ಜೆ 4: ಕೂರುತ್ತದಾ?

ಬೋಲ್ಟ್ ತೂತುಗಳನ್ನು ಅಳೆಯಿರಿ. ನಾಲ್ಕೂ ಬ್ಯಾರಲ್ ಹೆಚ್ಚುಕಡಿಮೆ ಒಂದೇ ಅಳತೆ ಇರುವ ಮಾದರಿಯೇ ಬೇರೆ, ಕ್ವಾಡ್ರಾಜೆಟ್‌ನಂತೆ ಮುಂದೆ ಚಿಕ್ಕದು ಹಿಂದೆ ದೊಡ್ಡದು ಇರುವ ಮಾದರಿಯೇ ಬೇರೆ. ನಡುವೆ ಅಡಾಪ್ಟರ್ ಪ್ಲೇಟ್ ಹಾಕಿದರಾಯಿತು ಅನ್ನುತ್ತಾರೆ. ನಾನು ಹಾಕಬೇಡಿ ಅನ್ನುತ್ತೇನೆ. ಪ್ಯಾಕಿಂಗ್ ಎರಡಾಗುತ್ತದೆ, ಕದ್ದು ಗಾಳಿ ಎಳೆಯುವ ಜಾಗವೂ ಎರಡಾಗುತ್ತದೆ, ಎತ್ತರ ಬೇರೆ ಏರುತ್ತದೆ. ಏರ್ ಫಿಲ್ಟರ್ ಮೇಲೆ ಮಕ್ಕಳು ಆಡುವ ಜೇಡಿಯ ಉಂಡೆ ಇಟ್ಟು ಬಾನೆಟ್ ಮೆಲ್ಲಗೆ ಮುಚ್ಚಿ, ತೆರೆದು ನೋಡಿ. ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮಗಿರುವ ಜಾಗ.

ಡಿಸ್ಟ್ರಿಬ್ಯೂಟರ್‌ಗೆ, ಬ್ರೇಕ್ ಬೂಸ್ಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪುಗಳಿಗೆ ಬಾಯಿ ಇದೆಯೇ ನೋಡಿ. ಆಟೋಮ್ಯಾಟಿಕ್ ಕಾರಾದರೆ ಗೇರ್‌ಬಾಕ್ಸ್‌ಗೆ ಹೋಗುವ ಕೇಬಲ್ ಮರೆಯಲೇಬೇಡಿ. ಜನರಲ್ ಮೋಟರ್ಸ್‌ನ 700ಆರ್4 ಗೇರ್‌ಬಾಕ್ಸ್‌ನಲ್ಲಿ ಆ ಕೇಬಲ್ ತಪ್ಪಾಗಿ ಕೂತರೆ ಒಳಗಿನ ಕ್ಲಚ್ ಸುಟ್ಟುಹೋಗುತ್ತದೆ. ಎಲೆಕ್ಟ್ರಿಕ್ ಚೋಕ್‌ಗೆ ಕೀ ತಿರುಗಿಸಿದಾಗ ಮಾತ್ರ ಬರುವ ಪೂರ್ತಿ 12 ವೋಲ್ಟ್ ಬೇಕು. ಹತ್ತಿರದಲ್ಲೇ ಇದೆ ಅಂತ ಇಗ್ನಿಷನ್ ಕಾಯಿಲ್‌ನಿಂದ ಎಳೆಯುವುದು ಸೋಮಾರಿಗಳ ಕೆಲಸ. ಅಲ್ಲಿ ರೆಸಿಸ್ಟರ್ ಇದ್ದರೆ ವೋಲ್ಟೇಜ್ ಇಳಿದಿರುತ್ತದೆ, ಚೋಕೂ ಸರಿಯಾಗಿ ತೆರೆಯದು, ಕಿಡಿಯೂ ಬಡವಾಗುತ್ತದೆ.

ಡುಪ್ಲಿಕೇಟ್ ಬಗ್ಗೆ ಒಂದು ಮಾತು. ಪೆಟ್ಟಿಗೆಯಲ್ಲಿ ಹೊಳೆಯುವ, ಹೆಸರಿಲ್ಲದ ನಕಲುಗಳು ನೋಡಲು ಅಚ್ಚು ಅಸಲಿನ ಹಾಗೇ ಇರುತ್ತವೆ. ಒಳಗೆ ಜೆಟ್ ಮೇಲೆ ಬರೆದ ಸಂಖ್ಯೆ ಒಂದು, ತೂತಿನ ಅಳತೆ ಇನ್ನೊಂದು. ಅಂಥದ್ದನ್ನು ಟ್ಯೂನ್ ಮಾಡಲು ಕೂತವರಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಇಂಥ ಹೊಸದಕ್ಕಿಂತ ಸ್ಪಿಂಡಲ್ ಗಟ್ಟಿ ಇರುವ ಹಳೆ ಅಸಲಿಯೇ ವಾಸಿ.

ಹೆಜ್ಜೆ 5: ಪೆಟ್ರೋಲ್ ಒತ್ತಡ

ವೆಬರ್‌ಗೆ ಸುಮಾರು 3 ಪಿಎಸ್‌ಐ (ಒತ್ತಡದ ಅಳತೆ) ಸಾಕು, ಹಾಲಿ (Holley) ಕಂಪನಿಯ ಕಾರ್ಬುರೇಟರ್‌ಗೆ 6ರ ಆಸುಪಾಸು ಬೇಕು. ಒತ್ತಡ ಜಾಸ್ತಿಯಾದರೆ ಫ್ಲೋಟ್‌ನ ಸೂಜಿ ತಡೆಯಲಾರದೆ ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಗೇಜ್ ಹಾಕಿ ಅಳೆಯಿರಿ, ಜಾಸ್ತಿ ಇದ್ದರೆ ರೆಗ್ಯುಲೇಟರ್ ಹಾಕಿ. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಆದ್ದರಿಂದ ಪೈಪುಗಳನ್ನೂ ಇದೇ ಕೈಯಲ್ಲಿ ಬದಲಿಸಿ.

ಕೂರಿಸುವುದು ಸುಲಭ: ಹೊಸ ಪ್ಯಾಕಿಂಗ್, ನಾಲ್ಕು ನಟ್, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ. ಒಂದೇ ಕಡೆ ಜೋರು ಮಾಡಿದರೆ ತಳ ಬಾಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ವ್ಯಾಕ್ಯೂಮ್ ಗೇಜ್ ಅತಿ ಹೆಚ್ಚು ತೋರಿಸುವಲ್ಲಿಗೆ ಮಿಕ್ಸ್ಚರ್ ಸ್ಕ್ರೂ (ಐಡ್ಲಿಂಗ್‌ನಲ್ಲಿ ಗಾಳಿ-ಪೆಟ್ರೋಲ್ ಬೆರಕೆ ಹೊಂದಿಸುವ ತಿರುಪು) ತಿರುಗಿಸಿ ಬಿಡಿ. ಸ್ವಲ್ಪ ದಿನ ಓಡಿಸಿದ ಮೇಲೆ, ಎಂಜಿನ್ ತಣ್ಣಗಿದ್ದಾಗ ಆ ನಟ್‌ಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಹೊಸ ಪ್ಯಾಕಿಂಗ್ ಅಷ್ಟರಲ್ಲಿ ಕೊಂಚ ಕುಗ್ಗಿರುತ್ತದೆ.